ಹಳೆಯ ಕಾರುಗಳ ಇಂಧನ ಪಂಪಿನ ವಿದ್ಯುತ್ ದೋಷ ಪತ್ತೆ

ಹಳೆಯ ಕಾರುಗಳ ಇಂಧನ ಪಂಪಿನ ವಿದ್ಯುತ್ ದೋಷ ಪತ್ತೆ ಎಂದರೆ, ವಿದ್ಯುತ್ ಚಾಲಿತ ಪೆಟ್ರೋಲ್ ಪಂಪು ನಿಂತಾಗ ದೋಷವು ಪಂಪಿನಲ್ಲಿದೆಯೋ ಅಥವಾ ಅದರ ವಿದ್ಯುನ್ಮಂಡಲದಲ್ಲಿದೆಯೋ ಎಂದು ಕ್ರಮವಾಗಿ ನಿರ್ಧರಿಸುವ ವಿಧಾನ. ಸಡಿಲವಾದ ಒಂದು ತಂತಿಯ ಕಾರಣಕ್ಕೆ ಸುಸ್ಥಿತಿಯಲ್ಲಿರುವ ಮೂಲ ಪಂಪನ್ನೇ ಬದಲಿಸುವುದನ್ನು ಇದು ತಪ್ಪಿಸುತ್ತದೆ.

ಹಿನ್ನೆಲೆ

ಪ್ರೀಮಿಯರ್ ಪದ್ಮಿನಿಯಲ್ಲಿ ಎಂಜಿನ್ನಿನಿಂದಲೇ ಚಲಿಸುವ ಯಾಂತ್ರಿಕ ಪಂಪು ಇದ್ದುದರಿಂದ ಅದಕ್ಕೆ ಈ ವಿಧಾನ ಅನ್ವಯಿಸುವುದಿಲ್ಲ. 1948ರಲ್ಲಿ ಬಿಡುಗಡೆಯಾದ ಮಾರಿಸ್ ಮೈನರ್‌ನಂತಹ ಬ್ರಿಟಿಷ್ ಕಾರುಗಳಲ್ಲಿ ಎಸ್.ಯು. ವಿದ್ಯುತ್ ಪಂಪು ಬಳಕೆಯಲ್ಲಿತ್ತು.

ಕಾರ್ಯವಿಧಾನ

ಇಗ್ನಿಷನ್ ಸ್ವಿಚ್ ಹಾಕಿದಾಗ ಪಂಪಿನ ವಿದ್ಯುತ್ಕಾಂತವು ಡಯಾಫ್ರಾಮನ್ನು ಸೆಳೆದು ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಪಾಯಿಂಟುಗಳು ಬೇರ್ಪಟ್ಟು ವಿದ್ಯುತ್ ಕಡಿದುಹೋಗುತ್ತದೆ; ಸ್ಪ್ರಿಂಗ್ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಈ ಆವರ್ತನೆಯೇ 'ಟಿಕ್ ಟಿಕ್' ಶಬ್ದಕ್ಕೆ ಕಾರಣ. ಕಾರ್ಬ್ಯುರೇಟರಿನ ತೊಟ್ಟಿ ತುಂಬಿದೊಡನೆ ಪಂಪು ತಾನಾಗಿ ಮೌನವಾಗುತ್ತದೆ.

ಶಬ್ದದಿಂದ ಗುರುತಿಸುವಿಕೆ

* ತೊಟ್ಟಿ ಖಾಲಿಯಿದ್ದರೂ ಶಬ್ದವಿಲ್ಲದಿದ್ದರೆ ವಿದ್ಯುತ್ ದೋಷದ ಸಂಭವ ಹೆಚ್ಚು.
* ಬಿಡದೆ ವೇಗವಾಗಿ ಬಡಿದುಕೊಳ್ಳುತ್ತಿದ್ದರೆ ಟ್ಯಾಂಕ್ ಬರಿದಾಗಿರಬಹುದು ಅಥವಾ ಕೊಳವೆಯಲ್ಲಿ ಗಾಳಿ ಸೇರಿರಬಹುದು.
* ಮೆಲ್ಲಗೆ ತಟ್ಟಿದಾಗ ಮಾತ್ರ ಕೆಲಸ ಆರಂಭಿಸಿದರೆ ಪಾಯಿಂಟುಗಳು ಸವೆದಿರುವ ಅಥವಾ ಮಲಿನವಾಗಿರುವ ಸಾಧ್ಯತೆ ಇದೆ.

ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ದಟ್ಟಣೆಯನ್ನು ದಾಟಿ ಹರಿಹರದತ್ತ ಹೊರಟ ಕಾರು ನಡುವೆ ನಿಂತರೆ, ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿರುವ ಸಂಭವವೂ ಉಂಟು. ಆಗ ಪಂಪು ಸಾಮಾನ್ಯವಾಗಿ ಬಡಿದುಕೊಳ್ಳುತ್ತಲೇ ಇರುತ್ತದೆ. ಎಂಜಿನ್ ತಣಿದ ಮೇಲೆ ಕಾರು ಮತ್ತೆ ಚಾಲೂ ಆಗುತ್ತದೆ.

ಪರೀಕ್ಷಾಕ್ರಮ

ಪಂಪಿನ ತುದಿಯಲ್ಲಿ ವೋಲ್ಟ್‌ಮೀಟರ್ 12 ವೋಲ್ಟ್ ತೋರಿಸಿದ ಮಾತ್ರಕ್ಕೆ ತಂತಿ ಸರಿಯಿದೆ ಎನ್ನಲಾಗದು. ಪಂಪು ಸ್ಥಗಿತಗೊಂಡು ಪಾಯಿಂಟುಗಳು ಬೇರ್ಪಟ್ಟಿದ್ದರೆ ವಿದ್ಯುತ್ ಹರಿಯುವುದಿಲ್ಲ; ಆದ್ದರಿಂದ ತುಕ್ಕು ಹಿಡಿದ ಜೋಡಣೆಯ ಆಚೆಗೂ ಪೂರ್ಣ ವೋಲ್ಟೇಜ್ ಕಾಣಬಹುದು. ಹೀಗಾಗಿ 21 ವ್ಯಾಟ್‌ನ ಬಲ್ಬನ್ನು ಹೊರೆಯಾಗಿ ಬಳಸಿ ಪರೀಕ್ಷಿಸಬೇಕು.

# ಪಂಪಿಗೆ ಬರುವ ತಂತಿಯನ್ನು ಬಿಡಿಸಿ, ಅದರ ತುದಿಗೂ ಕಾರಿನ ಶುದ್ಧ ಲೋಹಭಾಗಕ್ಕೂ ನಡುವೆ ಬಲ್ಬನ್ನು ಜೋಡಿಸಬೇಕು. ಇಗ್ನಿಷನ್ ಹಾಕಿದಾಗ ಬಲ್ಬ್ ಪ್ರಖರವಾಗಿ ಉರಿದರೆ ಪೂರೈಕೆ ಸರಿಯಿದೆ. ಮಂಕಾದರೆ ಸ್ವಿಚ್, ಫ್ಯೂಸ್ ಇದ್ದಲ್ಲಿ ಅದು ಮತ್ತು ಜೋಡಣೆಗಳನ್ನು ಒಂದೊಂದಾಗಿ ನೋಡಬೇಕು.
# ಬಳಿಕ ಬಲ್ಬಿನ ಇನ್ನೊಂದು ತುದಿಯನ್ನು ಪಂಪಿನ ಲೋಹದ ಕವಚಕ್ಕೆ ತಾಗಿಸಬೇಕು. ಈಗ ಮಾತ್ರ ಮಂಕಾದರೆ ದೋಷ ಅರ್ಥಿಂಗ್‌ನಲ್ಲಿದೆ.
# ಎರಡೂ ಬಾರಿ ಪ್ರಖರವಾಗಿ ಉರಿದರೂ ಪಂಪು ಮೌನವಾಗಿದ್ದರೆ, ಪಾಯಿಂಟು ಅಥವಾ ಸುರುಳಿಯನ್ನು ಪರಿಶೀಲಿಸಬೇಕು.

ಅನೇಕ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನೇ ಕಾರಿನ ದೇಹಕ್ಕೆ ಜೋಡಿಸಲಾಗಿರುತ್ತದೆ. ಎಲೆಕ್ಟ್ರಾನಿಕ್ ಪಂಪನ್ನು ಅಳವಡಿಸುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು.

ಸುರಕ್ಷತೆ

ಪೆಟ್ರೋಲ್ ಆವಿಗೆ ಸಣ್ಣ ಕಿಡಿಯೂ ಸಾಕು. ಆದ್ದರಿಂದ ಇಗ್ನಿಷನ್ ಆರಿಸಿಯೇ ತಂತಿಗಳನ್ನು ಬಿಡಿಸಬೇಕು, ಜೋಡಿಸಬೇಕು. ಪೆಟ್ರೋಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಆವಿ ಚದುರಿದ ನಂತರವೇ ಪರೀಕ್ಷೆ ನಡೆಸಬೇಕು. ಎಂಜಿನ್ ನಿಂತಿರುವಾಗ ಇಗ್ನಿಷನ್ ಬಹಳ ಹೊತ್ತು ಹಾಕಿಟ್ಟರೆ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಹಾಳಾಗಬಹುದು.