ಪಕಾರದ ಹಣ್ಣು, ಹಕಾರದ ಹಣ್ಣು

ಕಳೆದ ಬೇಸಿಗೆಯಲ್ಲಿ ಪುತ್ತೂರಿನ ಅಕ್ಕನ ಮನೆಗೆ ಹೋಗಿದ್ದಾಗ, ಮೂರನೇ ಕ್ಲಾಸಿನ ಅವಳ ಮಗಳು ರಜೆಯ ಹೋಂವರ್ಕ್ ಹಿಡಿದು ಜಗಲಿಯಲ್ಲಿ ಕೂತಿದ್ದಳು. ಒಂದೊಂದು ಅಕ್ಷರಕ್ಕೂ ಐದೈದು ಹಣ್ಣಿನ ಹೆಸರು ಬರೆಯಬೇಕಿತ್ತು. 'ಪ' ಬಂದಾಗ ಪೆನ್ಸಿಲ್ ನಿಂತಿತು. "ಪಪ್ಪಾಯಿ, ಪೇರಳೆ... ಆಮೇಲೆ ಚಿಕ್ಕಿ?" ಮಂಡ್ಯದಿಂದ ಬಂದಿದ್ದ ನಮ್ಮಜ್ಜಿ ಒಳಗಿಂದಲೇ "ಪರಂಗಿ ಬರ್ಕೊ" ಅಂದರು. "ಮುತ್ತಜ್ಜಿ, ಪರಂಗಿ ಅಂದ್ರೆ ಪಪ್ಪಾಯಿನೇ ಅಲ್ವಾ?" ಎಂದಳು ಹುಡುಗಿ. ಕೊನೆಗೆ ಪನ್ನೇರಳೆ, ಪುನರ್ಪುಳಿ ಸೇರಿಸಿ, ಪರಂಗಿಯನ್ನೂ ಉಳಿಸಿಕೊಂಡು, ಐದರ ಲೆಕ್ಕ ತುಂಬಿಸಿದೆವು.

ಅವಳ ಪಟ್ಟಿ ಅಲ್ಲಿಗೆ ಮುಗಿಯಿತು. ನನ್ನ ತಲೆಯಲ್ಲಿ ಮಾತ್ರ ಅದು ಉಳಿದುಬಿಟ್ಟಿತು. ಹಲಸಿನಂಥ ಹಣ್ಣು ಇರುವ ನಾಡಿನಲ್ಲಿ 'ಪ'ಕ್ಕೆ ಸಿಗುವ ಮೊದಲ ಎರಡು ಹೆಸರೂ ಕಡಲಾಚೆಯ ಹಣ್ಣುಗಳವೇ ಯಾಕೆ? ನಮ್ಮ ಹಳೆಯ ಪಕಾರದ ಹಣ್ಣುಗಳು ಎಲ್ಲಿಗೆ ಹೋದವು?

ಅವು ಎಲ್ಲಿಗೂ ಹೋಗಿಲ್ಲ. ಪಟ್ಟಿಯಲ್ಲಿ 'ಹ'ದ ಮನೆಗೆ ಜಾಗ ಬದಲಿಸಿವೆ, ಅಷ್ಟೇ.

ಹಳಗನ್ನಡ ಓದಿದವರಿಗೆ ಇದು ಗೊತ್ತಿರುವ ಸಂಗತಿ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು, ಪತ್ತು ಹತ್ತಾಯಿತು. ಕ್ರಿ.ಶ. 941ರ ಸುಮಾರಿಗೆ ಪಂಪ ಕಾವ್ಯ ಬರೆದಾಗ ಈ ಮಾತುಗಳಿಗೆಲ್ಲ ಪಕಾರವೇ ಮೊದಲು. ಹೆಚ್ಚುಕಡಿಮೆ ಅದೇ ಶತಮಾನದಿಂದ ಶಾಸನಗಳಲ್ಲಿ ಹಕಾರ ಇಣುಕತೊಡಗುತ್ತದೆ. ನಡುಗನ್ನಡದ ಕಾಲಕ್ಕೆ ಬಂದರೆ, 15ನೇ ಶತಮಾನದ ಕುಮಾರವ್ಯಾಸನ ಹೊತ್ತಿಗೆ, ಹಕಾರವೇ ರೂಢಿ. ಈ ಬದಲಾವಣೆ ಅಚ್ಚ ಕನ್ನಡದ ಮಾತುಗಳನ್ನಷ್ಟೇ ಮುಟ್ಟಲಿಲ್ಲ. ಅದಕ್ಕೂ ಮೊದಲೇ ಬಂದು ನಮ್ಮ ಬಾಯಲ್ಲಿ ಪಳಗಿದ್ದ ಸಂಸ್ಕೃತದ ಮಾತುಗಳನ್ನೂ ಮುಟ್ಟಿತು. ಪರ್ವ ಮೊದಲು ಪಬ್ಬವಾಗಿ, ಆಮೇಲೆ ಹಬ್ಬವಾಯಿತು. ಪುಸ್ತಕದ ಹಾದಿಯಲ್ಲಿ ಬಂದ ಪುರಾಣ, ಪಾಠಗಳು ಮಾತ್ರ ಇದ್ದಹಾಗೇ ಉಳಿದವು.

ಈಗ ಹಣ್ಣಿನ ಬುಟ್ಟಿಗೆ ಬನ್ನಿ. 'ಹಣ್ಣು' ಎಂಬ ಮಾತೇ ಹಿಂದೆ ಪಣ್. ಹಲಸು ಪಲಸಾಗಿತ್ತು. ತಮಿಳಿನಲ್ಲಿ ಅದು ಇಂದಿಗೂ ಪಲಾ, ತೆಲುಗಿನಲ್ಲಿ ಪನಸ. ಹುಣಸೆ ಪುಣಿಸೆಯಾಗಿತ್ತು, ಅದರ ಬೇರಿನಲ್ಲಿರುವ ಹುಳಿ ಪುಳಿಯಾಗಿತ್ತು. ಅಕ್ಕನ ಮನೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಿರಲಿಲ್ಲ, ಪಕ್ಕದ ಮನೆಯವರ ತುಳುವನ್ನು ಕೇಳಿದರೆ ಸಾಕಿತ್ತು. ತುಳು ಆ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ಹಣ್ಣು ಅಲ್ಲಿ ಪರ್ಂದ್, ಹಲಸಿನಕಾಯಿ ಪೆಲಕಾಯಿ, ಹಾಲು ಪೇರ್. ಹುಡುಗಿಯ ಪಟ್ಟಿಗೆ ಬಂದ ಪುನರ್ಪುಳಿಯ ಗುಟ್ಟೂ ಇದೇ. ಉತ್ತರ ಕನ್ನಡದವರು ಮುರುಗಲು ಅನ್ನುವ ಆ ಕೆಂಪು ಹಣ್ಣು, ದಕ್ಷಿಣ ಕನ್ನಡದಲ್ಲಿ 'ಹುಳಿ' ಆಗದೆ 'ಪುಳಿ' ಆಗಿಯೇ ಉಳಿದಿದೆ. ಬಯಲುಸೀಮೆಯ ಕನ್ನಡದಲ್ಲಿ ಹುಟ್ಟಿದ್ದರೆ ಆ ಹೆಸರಿಗೆ ಬೇರೆ ಗತಿಯಾಗುತ್ತಿತ್ತು.

ಪಪ್ಪಾಯಿಯ ಕಥೆ ಇದಕ್ಕೆ ಪೂರ್ತಿ ಹೊರಗಿನದು. ಆ ಮರದ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಕೊಲಂಬಸ್ ಅತ್ತ ಹಡಗು ಬಿಟ್ಟದ್ದು 1492ರಲ್ಲಿ, ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. 1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಖೋಟನ್, 1596ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹಣ್ಣಿನ ದಾರಿಯನ್ನು ಬರೆದಿಟ್ಟಿದ್ದಾನೆ. ಸ್ಪೇನಿನವರ ಅಮೆರಿಕದಿಂದ ಫಿಲಿಪ್ಪೀನ್ಸ್, ಅಲ್ಲಿಂದ ಮಲಕ್ಕಾ, ಅಲ್ಲಿಂದ ಭಾರತ. ಅಂದರೆ ಪಪ್ಪಾಯಿ ನಮ್ಮಲ್ಲಿಗೆ ಬಂದದ್ದು ಪಶ್ಚಿಮದಿಂದಲ್ಲ, ಭೂಮಿಯನ್ನು ಸುತ್ತಿ ಪೂರ್ವದಿಂದ. ಕೆರಿಬಿಯನ್ ಜನರ ನುಡಿಯಿಂದ ಸ್ಪ್ಯಾನಿಷ್, ಪೋರ್ಚುಗೀಸರ ಬಾಯಿಗೆ ಬಂದ ಹೆಸರನ್ನೂ ಜೊತೆಗೆ ತಂದಿತು. ಅದು ಇಲ್ಲಿ ಕಾಲಿಡುವ ಹೊತ್ತಿಗೆ ಕನ್ನಡದಲ್ಲಿ 'ಪ'ವನ್ನು 'ಹ' ಮಾಡುವ ಕೆಲಸ ಮುಗಿದೇ ಹೋಗಿತ್ತು. ಹಾಗಾಗಿ ಪಪ್ಪಾಯಿ ಹಪ್ಪಾಯಿ ಆಗಲಿಲ್ಲ.

ಅಜ್ಜಿಯ ಪರಂಗಿ ಇನ್ನೊಂದು ದಾರಿಯ ಹೆಸರು. ಯುರೋಪಿನ 'ಫ್ರಾಂಕ್' ಜನರ ಹೆಸರು ಅರಬ್ಬಿ, ಪಾರಸಿಗಳಲ್ಲಿ ಪಶ್ಚಿಮದ ಕ್ರೈಸ್ತರೆಲ್ಲರಿಗೂ ಅನ್ವಯಿಸಿ, 'ಫರಂಗಿ' ಎಂದಾಗಿ ನಮ್ಮಲ್ಲಿಗೆ ಬಂತು. ತೋಪಿಗೆ ಹೇಳುವ ಫಿರಂಗಿಯೂ ಅದೇ ಮಾತು. ಹಡಗಿನವರು ತಂದ ಮದ್ದುಗುಂಡಿನ ಯಂತ್ರಕ್ಕೂ ಅವರೇ ತಂದ ಮೆತ್ತನೆಯ ಹಣ್ಣಿಗೂ ನಮ್ಮ ಜನ ಒಂದೇ ಹೆಸರಿಟ್ಟರು. ರುಚಿಯನ್ನೋ ಬಣ್ಣವನ್ನೋ ಹೇಳದೆ, ತಂದವರು ಯಾರು ಎಂಬುದನ್ನಷ್ಟೇ ಹೇಳುವ ಹೆಸರು ಅದು.

ಪೇರಳೆಯದು ಇನ್ನೂ ಸ್ವಾರಸ್ಯ. ಅದೂ ಅಮೆರಿಕದ್ದೇ. ಮೈಸೂರು ಕಡೆ ಸೀಬೆ. ಕರಾವಳಿ, ಮಲೆನಾಡುಗಳಲ್ಲಿ ಪೇರಳೆ ಅಥವಾ ಪೇರಲ. ಉತ್ತರ ಕರ್ನಾಟಕದಲ್ಲಿ ಪೇರಲ, ಪೇರು. ಪೋರ್ಚುಗೀಸಿನಲ್ಲಿ 'ಪೇರಾ' ಎಂದರೆ ನಾವು ಮರಸೇಬು ಅನ್ನುವ ಹಣ್ಣು. ಹೊಸ ಹಣ್ಣನ್ನು ಕಂಡವರು ತಮ್ಮೂರಿನ ಹಳೆಯ ಹಣ್ಣಿನ ಹೆಸರನ್ನೇ ಅದಕ್ಕೆ ತೊಡಿಸಿದರು. ಹಿಂದಿಯ 'ಅಮರೂದ್' ಕೂಡ ಹೀಗೇ. ಪಾರಸಿಯಲ್ಲಿ ಅದಕ್ಕೆ ಮೂಲದ ಅರ್ಥ ಮರಸೇಬೇ. ಒಬ್ಬರಿಗೊಬ್ಬರು ಕೇಳದೆ, ಎರಡು ಭಾಷೆಗಳ ಜನ ಒಂದೇ ಹೋಲಿಕೆ ಕಂಡರು. ನಮ್ಮವರು ಪೇರಾಗೆ ಬಾಲ ಸೇರಿಸಿ, ನೇರಳೆಯ ಪ್ರಾಸಕ್ಕೆ ಕೂರುವಂತೆ ಪೇರಳೆ ಮಾಡಿಕೊಂಡರು.

ಇಲ್ಲೊಂದು ಪರೀಕ್ಷೆ ಮಾಡಬಹುದು. ಪೇರಳೆ ಹಳಗನ್ನಡದ ಕಾಲದ ಮಾತಾಗಿದ್ದರೆ ಈಗ ಏನಾಗಿರುತ್ತಿತ್ತು? ಹೇರಳೆ. ಆ ಹೆಸರಿನ ಹಣ್ಣು ನಮ್ಮಲ್ಲಿ ಇದೆಯಲ್ಲ! ಮೈಸೂರು ಕಡೆಯ ಅಡುಗೆಮನೆಗಳಲ್ಲಿ ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಬಳಸುವ, ನಿಂಬೆಯ ಜಾತಿಯ ದೊಡ್ಡ ಕಾಯಿ. 'ದೊಡ್ಡ' ಎಂಬರ್ಥದ ಪೇರ್ ಮತ್ತು ನಿಂಬೆಯ ಬಳಗಕ್ಕೆ ಹೇಳುವ ಈಳೆ ಎಂದು ಆ ಹೆಸರನ್ನು ಬಿಡಿಸಿದರೆ ಅರ್ಥವೂ ಒಪ್ಪುತ್ತದೆ, ಅಕ್ಷರವೂ ಒಪ್ಪುತ್ತದೆ. ಪೇರಳೆ, ಹೇರಳೆ: ನಡುವೆ ಇರುವುದು ಒಂದೇ ಅಕ್ಷರ, ಜೊತೆಗೆ ಕೆಲವು ನೂರು ವರ್ಷ.

ಇದನ್ನೆಲ್ಲ ಆ ಸಂಜೆ ಅಜ್ಜಿಗೆ ಉತ್ಸಾಹದಿಂದ ಹೇಳಿದೆ. ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, "ಅದಕ್ಕೇ ಕಣೆ, ಪರಂಗಿ ಪರಂಗಿಯೋರದ್ದು. ಹಲಸು, ಹುಣಸೆ ನಮ್ಮವು" ಅಂದರು. ಆ ಮಾತಿಗೆ ಒಂದು ಬೆಂಬಲವೂ ಇದೆ. ಅನೇಕ ಮನೆಗಳಲ್ಲಿ ತಿಥಿಯ ಅಡುಗೆಗೆ ಇಂದಿಗೂ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಬಾರದು, ಖಾರಕ್ಕೆ ಕಾಳುಮೆಣಸೇ ಆಗಬೇಕು. ಯಾವುದು ಆಮೇಲೆ ಬಂದದ್ದು ಎಂಬುದನ್ನು ಭಾಷೆಯಂತೆ ಒಲೆಯೂ ನೆನಪಿಟ್ಟುಕೊಂಡಿದೆ.

ಆದರೆ ಅಜ್ಜಿಯ ಕೈಯಲ್ಲಿದ್ದ ಹುಣಸೆಯೇ ಅವರ ಮಾತಿಗೆ ಎದುರಾಗಿ ಕೂತಿತ್ತು. ಸಸ್ಯಶಾಸ್ತ್ರಜ್ಞರು ಹುಣಸೆಯ ತವರು ಆಫ್ರಿಕ ಅನ್ನುತ್ತಾರೆ. ಅದು ಇಲ್ಲಿಗೆ ಬಂದು ಎಷ್ಟು ಕಾಲವಾಯಿತೆಂದರೆ, ಅರಬ್ಬರು ಅದನ್ನು 'ತಮರ್ ಹಿಂದಿ', ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅದರಿಂದಲೇ. ನಮ್ಮವರು ಆ ಮರಕ್ಕೆ ತಮ್ಮ ಪುಳಿಯಿಂದಲೇ ಹೆಸರು ಮಾಡಿಕೊಂಡರು. ಅದು ಪಕಾರದಲ್ಲಿ ಬೆಳೆದು, ಹಕಾರಕ್ಕೆ ತಿರುಗಿ, ಸಾರಿನಲ್ಲಿ ಕರಗಿತು. ಅತ್ತ ನಮ್ಮ ಹಲಸು ಎದುರು ದಿಕ್ಕಿನ ಪಯಣ ಹೊರಟಿತು. ಮಲಯಾಳದ 'ಚಕ್ಕ' ಪೋರ್ಚುಗೀಸರ ಬಾಯಲ್ಲಿ 'ಜಾಕಾ' ಆಗಿ, ಇಂಗ್ಲಿಷಿನ ಜಾಕ್ ಆಯಿತು. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲಿ ಹಲಸೂ ಇದೆ, ಮಾವೂ ಇದೆ.

ಹಾಗಾದರೆ ಮೊದಲ ಅಕ್ಷರ ಹೇಳುವುದೇನು? ಹಣ್ಣು ಈ ಮಣ್ಣಿನದೋ ಅಲ್ಲವೋ ಎಂಬುದನ್ನಂತೂ ಅದು ಹೇಳುವುದಿಲ್ಲ. ಹೆಸರು ನಮ್ಮ ಬಾಯಿಗೆ ಬಂದು ಎಷ್ಟು ಕಾಲವಾಯಿತು ಎಂಬುದನ್ನು ಮಾತ್ರ ಹೇಳುತ್ತದೆ. ಅದನ್ನೂ ಎಚ್ಚರದಿಂದಲೇ ಓದಬೇಕು. ಪನ್ನೇರಳೆಯ ಪಕಾರ ಪನ್ನೀರಿನ ಪರಿಮಳದಿಂದ ಬಂದದ್ದು. ಹೆಸರಿನ ಅರ್ಧಭಾಗವಾದ ನೇರಳೆ ಅಪ್ಪಟ ಹಳೆಯದು. ಅಂಥ ಹೆಸರನ್ನು ಒಂದೇ ಅಕ್ಷರದಿಂದ ಅಳೆಯಲಾಗದು.

ಇವತ್ತಿನ ಸೂಪರ್‌ಮಾರ್ಕೆಟ್ಟಿನಲ್ಲಿ ಪೀಚ್, ಪ್ಲಮ್, ಪ್ಯಾಶನ್ ಫ್ರೂಟ್‌ಗಳು ಪಕಾರದ ಸಾಲಿಗೆ ಬಂದು ನಿಂತಿವೆ. ಅವು ಹಕಾರವಾಗುವುದಿಲ್ಲ. ಆ ಬಾಗಿಲು ಮುಚ್ಚಿ 500 ವರ್ಷ ದಾಟಿದೆ. ಹಾಗೆಂದು ಅವು ಎಂದೆಂದಿಗೂ ಹೊರಗಿನವಾಗಿಯೇ ಉಳಿಯಬೇಕಿಲ್ಲ. ಪೇರಳೆ ಹಕಾರವಾಗದಿದ್ದರೂ, ಉಪ್ಪು-ಖಾರ ಹಚ್ಚಿದ ಅದರ ಹೋಳನ್ನು ಶಾಲೆಯ ಗೇಟಿನ ಮುಂದೆ ತಿಂದ ಯಾರೂ ಅದನ್ನು ಪರದೇಶದ್ದು ಎಂದುಕೊಂಡಿಲ್ಲ.

ರಜೆ ಮುಗಿದ ಮೇಲೆ ಅಕ್ಕ ಪಟ್ಟಿಯ ಫೋಟೋ ಕಳಿಸಿದಳು. ಪರಂಗಿಯ ಮೇಲೆ ಕೆಂಪು ಗೀಟು, ಪಕ್ಕದಲ್ಲಿ 'ಪಪ್ಪಾಯಿ ಮತ್ತು ಇದು ಒಂದೇ' ಎಂಬ ಟಿಪ್ಪಣಿ. ಹಣ್ಣು ಒಂದೇ ಹೌದು. ಒಂದು ಹೆಸರು ಕೆರಿಬಿಯನ್ನಿನಿಂದ ಹೊರಟದ್ದು, ಇನ್ನೊಂದು ಫ್ರಾಂಕರಿಂದ. ಎರಡೂ ಮಂಡ್ಯದ ಅಜ್ಜಿ, ಪುತ್ತೂರಿನ ಮೊಮ್ಮಗಳ ಮಗಳ ನಡುವೆ ಒಂದೇ ಜಗಲಿಯಲ್ಲಿ ಭೇಟಿಯಾಗಿದ್ದವು. ನಾನಾಗಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ.