ಬೋಧಕನ ಕೈಹೊತ್ತಿಗೆ: ಮಲಪ್ರಭಾ ಸೀಮೆಯ ಕ್ರೈಸ್ತ ಬೋಧನಾ ಸಾಹಿತ್ಯ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹೆಸರು ಸುದ್ದಿಗೆ ಬರುವುದು ಹೆಚ್ಚಾಗಿ ಕಿತ್ತೂರು ಉತ್ಸವ, ಎಲ್ಲಮ್ಮನಗುಡ್ಡದ ಜಾತ್ರೆ ಅಥವಾ ಮಲಪ್ರಭೆಯ ಪ್ರವಾಹದ ನಿಮಿತ್ತವಾಗಿ. ಈ ಎರೆಮಣ್ಣಿನ ಸೀಮೆಯಲ್ಲಿ ಚಿಕ್ಕ ಚಿಕ್ಕ ಕ್ರೈಸ್ತ ಸಭೆಗಳೂ ಇವೆ. ಪ್ರತಿ ಭಾನುವಾರ ಅಲ್ಲಿ ಒಬ್ಬರು ಎದ್ದು ನಿಂತು ಕನ್ನಡದಲ್ಲಿ ಪ್ರಸಂಗ ಮಾಡುತ್ತಾರೆ. ಆ ಪ್ರಸಂಗಕ್ಕೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ, ಯಾವ ಕನ್ನಡದಲ್ಲಿ ಬರುತ್ತದೆ ಎಂಬುದು ಕೇಳುಗರಿಗೆ ಸಣ್ಣ ವಿಷಯವಲ್ಲ. ಕನ್ನಡ ಮುದ್ರಣ ಮತ್ತು ನಿಘಂಟಿನ ಚರಿತ್ರೆಯ ಒಂದು ದೊಡ್ಡ ಭಾಗವೂ ಈ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ.

ಬಳ್ಳಾರಿಯಿಂದ ಆರಂಭ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರೂ ನಡೆಸಿದ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ಣಗೊಂಡಿತು. ಅದೇ 1831ರ ಜನವರಿ 26ರಂದು ಬೈಲಹೊಂಗಲ ಸೀಮೆಯ ವೀರ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಪಾದ್ರಿಗಳ ಪುಸ್ತಕವನ್ನು ಇಲ್ಲಿನ ಜನ ಬಹುಕಾಲ ಯಾವ ಕಣ್ಣಿನಿಂದ ನೋಡಿದರು ಎಂಬುದನ್ನು ಊಹಿಸಲು ಈ ಕಾಲಸಾಮ್ಯ ನೆರವಾಗುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ ಮೇಲೆ ಬಿಳಿಯ ಚರ್ಮದವನು ಕೊಡುವ ಹೊತ್ತಿಗೆಯನ್ನು ಕೇವಲ ಹೊತ್ತಿಗೆಯೆಂದು ಸ್ವೀಕರಿಸುವುದು ಸುಲಭವಾಗಿರಲಿಲ್ಲ.

ಬೆಳಗಾವಿಗೆ ಮಿಷನ್ ಬಂದದ್ದು ಬಳ್ಳಾರಿಯ ಮೂಲಕವೇ. ಜೋಸೆಫ್ ಟೇಲರ್ 1820ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಮುಂದೆ 20ನೆಯ ಶತಮಾನದ ಆದಿಯಲ್ಲಿ ಈ ಕಾರ್ಯಕ್ಷೇತ್ರವು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಹಸ್ತಾಂತರವಾಯಿತು. ದಕ್ಷಿಣದ ಧಾರವಾಡದಲ್ಲಿ ಬಾಸೆಲ್ ಮಿಷನ್ 1837ರಲ್ಲಿ ಠಾಣ್ಯ ಹೂಡಿತು. 1839ರಲ್ಲಿ ಹುಬ್ಬಳ್ಳಿ, ಅನಂತರ ಗದಗ ಬಳಿಯ ಬೆಟಗೇರಿ ಸೇರಿದವು. ಹೀಗಾಗಿ ನಮ್ಮ ನಾಲ್ಕು ತಾಲ್ಲೂಕುಗಳ ಸೀಮೆ ಎರಡು ಮಿಷನ್ನುಗಳ ನಡುವೆ ಬಿತ್ತು. ಸಾಲದ್ದಕ್ಕೆ ರಾಮದುರ್ಗವು 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿತ್ತು. ಬೆಳಗಾವಿಯಿಂದ ಬಂದ ಪುಸ್ತಕ ಒಂದು, ಧಾರವಾಡದಿಂದ ಬಂದ ಪುಸ್ತಕ ಇನ್ನೊಂದು ಎಂಬ ಸ್ಥಿತಿಗೆ ಮೂಲ ಇಲ್ಲಿದೆ.

ಮಂಗಳೂರಿನ ಕಲ್ಲಚ್ಚು

ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಮುದ್ರಣಾಲಯ ಮೊದಲು ಕಲ್ಲಚ್ಚಿನದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಇಲ್ಲಿಂದಲೇ ಹೊರಬಿತ್ತು. ಬೋಧಕರಿಗಾಗಿ ಪ್ರಶ್ನೋತ್ತರ ರೂಪದ ಧರ್ಮಪಾಠ, ಬೈಬಲ್ ಕಥೆಗಳು, ಜರ್ಮನ್ ರಾಗಕ್ಕೆ ಕನ್ನಡ ಪದ ಕೂಡಿಸಿದ ಗೀತೆಗಳು, ಶಾಲಾ ಪಠ್ಯಗಳು ಒಂದರ ಹಿಂದೊಂದು ಬಂದವು. ಬನ್ಯನ್ನನ ಪ್ರಸಿದ್ಧ ರೂಪಕ ಕಥೆಯೂ ಕನ್ನಡಕ್ಕೆ ಬಂದಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬೋಧನೆಗೆ ಭಾಷೆ ಬೇಕು, ಭಾಷೆಗೆ ಆ ನಾಡಿನ ಕಾವ್ಯ ಬೇಕು ಎಂಬ ತಿಳಿವಳಿಕೆ ಅವರಲ್ಲಿ ಬೇಗನೆ ಮೂಡಿತು. ಮೋಗ್ಲಿಂಗರು ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. 'ಬಸವ ಪುರಾಣ', 'ಜೈಮಿನಿ ಭಾರತ'ಗಳು ಇದೇ ಮಿಷನರಿಗಳ ಗ್ರಂಥಮಾಲೆಯಲ್ಲಿ ಬೆಳಕು ಕಂಡವು. ವುರ್ಥ್ ಅವರು 'ಬಸವ ಪುರಾಣ'ದ ಸಾರವನ್ನು ಇಂಗ್ಲಿಷಿಗೆ ಕೊಂಡೊಯ್ದರು. ಫರ್ಡಿನಾಂಡ್ ಕಿಟ್ಟೆಲ್ ಅವರು 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ' ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ. 1894ರ ಅವರ ಮಹಾನಿಘಂಟನ್ನು ಇಂದು ಯಾರೂ ಧರ್ಮಪ್ರಚಾರದ ಪುಸ್ತಕವೆಂದು ಓದುವುದಿಲ್ಲ. ಆದರೆ ಅದು ಹುಟ್ಟಿದ ಕಾರ್ಖಾನೆ ಇದೇ.

ಹುಬ್ಬಳ್ಳಿಯ ಸುತ್ತಲಿನ 'ಕಾಲಜ್ಞಾನ'ದ ಭಕ್ತರ ಪ್ರಸಂಗವೂ ಇದೇ ಕಾಲದ್ದು. ತಮ್ಮ ಕಾಲಜ್ಞಾನದ ಬರಹಗಳಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂದು 1840ರ ಸುಮಾರಿಗೆ ಕೆಲವರು ಪಾದ್ರಿಗಳನ್ನು ಕಂಡರು. ಅವರಿಗಾಗಿಯೇ ಗದಗ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಸಿದ್ಧವಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಒಂದೇ ಮಾತನ್ನು ಹೇಳುವವನು ಒಂದು ಅರ್ಥದಲ್ಲಿ, ಕೇಳುವವನು ಇನ್ನೊಂದು ಅರ್ಥದಲ್ಲಿ ಹಿಡಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ಉತ್ತಂಗಿ ಚನ್ನಪ್ಪನವರು

ಈ ಪರಂಪರೆಯಲ್ಲಿ ಕನ್ನಡಿಗನೇ ಕನ್ನಡಿಗರಿಗೆ ಬರೆದ ಬೋಧನಾ ಸಾಹಿತ್ಯವನ್ನು ಹುಡುಕುವವರು ಮೊದಲು ನೆನೆಯಬೇಕಾದ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪನವರದು (1881-1962). ಧಾರವಾಡದಲ್ಲಿ ಜನಿಸಿ ಬಾಸೆಲ್ ಮಿಷನ್ನಿನ ಬೋಧಕರಾದ ಇವರು ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಕೃತಿಯ ಹೆಸರಿನಲ್ಲಿಯೇ ಅವರ ಧೋರಣೆ ಇದೆ. ಅಪ್ಪಣೆಯಲ್ಲ, ವಿನಂತಿ. ಇಂದಿನ ಎಷ್ಟೋ ಕರಪತ್ರಗಳಲ್ಲಿ ಈ ಸೌಜನ್ಯ ಕಾಣುವುದಿಲ್ಲ ಎಂದು ಹೇಳಲೇಬೇಕಾಗಿದೆ.

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಇದಕ್ಕಿಂತ ಭಿನ್ನವಾದ ಇನ್ನೊಂದು ಪ್ರಯೋಗವಿದೆ. ಅಲ್ಲಿನ 'ಸ್ನಾನಿಕ ಅರುಳಪ್ಪನವರ ವಿರಕ್ತ ಮಠ' ಕ್ಯಾಥೊಲಿಕ್ ಯೇಸು ಸಭೆಯವರದು. ಗೋವೆಯ ಮೂಲದ ಪಾದ್ರಿ ಸ್ವಾಮಿ ಅನಿಮಾನಂದರು ಲಿಂಗಾಯತ ಮಠಗಳ ರೀತಿಯಲ್ಲಿ ಕಾವಿ ಉಟ್ಟು, ಮಠದ ಶಿಸ್ತಿನಲ್ಲಿ ಬಾಳಿ ಬೋಧಿಸಿದರು. ಸುವಾರ್ತಾ ಪಂಥದ ಸಭೆಗಳಿಗೆ ಈ ಮಾರ್ಗ ಒಪ್ಪಿಗೆಯಲ್ಲ. ಅವರಿಗೆ ಪುಸ್ತಕವೇ ಪ್ರಧಾನ, ವೇಷವಲ್ಲ. ಹೆಸರಿನ ಬಗ್ಗೆ ಒಂದು ಮಾತು: 'ಅರುಳಪ್ಪ' ಎಂದರೆ ಯೋಹಾನ. ಹಳೆಯ ಕ್ಯಾಥೊಲಿಕ್ ಕನ್ನಡದಲ್ಲಿ ಪೇತ್ರನು ರಾಯಪ್ಪ, ಪೌಲನು ಚಿನ್ನಪ್ಪ. ತಮಿಳು ನಾಡಿನ ಹಾದಿಯಲ್ಲಿ ಬಂದ ಈ ಹೆಸರುಗಳನ್ನು ಕೇಳಿದ ಹೊಸಬರು ಸಂಗೊಳ್ಳಿಯ ಕಡೆಗೆ ನೋಡಬೇಕಾಗಿಲ್ಲ. ಪ್ರೊಟೆಸ್ಟಂಟರು ಯೋಹಾನ, ಪೇತ್ರ, ಪೌಲ ಎಂದೇ ಉಳಿಸಿಕೊಂಡರು. ಒಂದೇ ಊರಿನ ಎರಡು ಚರ್ಚುಗಳ ಮಕ್ಕಳು ಒಬ್ಬನೇ ಅಪೊಸ್ತಲನನ್ನು ಎರಡು ಹೆಸರಿನಿಂದ ಕಲಿತ ಕಾಲವೊಂದಿತ್ತು.

ಕೂರಿಗೆ ಮತ್ತು ರೊಟ್ಟಿ

ಇಂದು ಬೋಧಕನ ಮುಂದಿರುವ ಸಾಮಗ್ರಿ ಕಡಿಮೆಯಲ್ಲ. ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸುವ 'ಸತ್ಯವೇದ' ಹಳೆಯ ಅನುವಾದದ ಗಾಂಭೀರ್ಯವನ್ನು ಉಳಿಸಿಕೊಂಡ ಪಾಠ. ಬಹುತೇಕ ಸಭೆಗಳಲ್ಲಿ ಓದುವುದು ಇದನ್ನೇ. ವರ್ಲ್ಡ್ ಬೈಬಲ್ ಟ್ರಾನ್ಸ್‌ಲೇಷನ್ ಸೆಂಟರಿನ 1997ರ 'ಪರಿಶುದ್ಧ ಬೈಬಲ್' ಸರಳ ವಾಕ್ಯಗಳದು. ವ್ಯಾಖ್ಯಾನ ಗ್ರಂಥಗಳು, ಪದಸೂಚಿ, ಸಂಡೇ ಸ್ಕೂಲ್ ಪಾಠಗಳು, ಬೇಸಿಗೆ ರಜೆಯ ವಿಬಿಎಸ್ ಪುಸ್ತಕಗಳು ಇವೆ. ಇವುಗಳಲ್ಲಿ ಬಹುಪಾಲು ಇಂಗ್ಲಿಷ್, ತಮಿಳು, ತೆಲುಗುಗಳಿಂದ ಬಂದ ಅನುವಾದಗಳು. ಕೊರತೆ ಇರುವುದು ಇಲ್ಲಿ.

ಬಿತ್ತುವವನ ಸಾಮತಿಯನ್ನೇ ತೆಗೆದುಕೊಳ್ಳಿ. ಅಲ್ಲಿ ರೈತ ಬೀಜವನ್ನು ಕೈಯಿಂದ ಎರಚುತ್ತಾನೆ. ಕೆಲವು ದಾರಿಯ ಮೇಲೆ, ಕೆಲವು ಕಲ್ಲುನೆಲದ ಮೇಲೆ ಬೀಳುತ್ತವೆ. ಸವದತ್ತಿಯ ಎರೆಹೊಲದಲ್ಲಿ ಜೋಳ ಬಿತ್ತುವುದು ಕೂರಿಗೆಯಿಂದ, ಸಾಲು ಹಿಡಿದು, ಬಟ್ಟಲಿಗೆ ಕಾಳು ಬಿಡುತ್ತ. ದಾರಿಗೆ ಬೀಜ ಚೆಲ್ಲುವ ರೈತನನ್ನು ಕಂಡರೆ ಇಲ್ಲಿನ ಕೇಳುಗನಿಗೆ ಮೊದಲು ತೋಚುವುದು ಅವನ ಅಜಾಗರೂಕತೆ. 'ಹುಳಿಯಿಲ್ಲದ ರೊಟ್ಟಿ'ಯ ಮಾತೂ ಹಾಗೆಯೇ. ಐಗುಪ್ತದಿಂದ ಹೊರಟವರು ಹಿಟ್ಟು ಹುಳಿಯಾಗುವಷ್ಟು ಹೊತ್ತು ಕಾಯಲಾಗದೆ ಹಾಗೆಯೇ ಸುಟ್ಟುಕೊಂಡರೆಂಬುದು ಕಥೆಯ ತಿರುಳು. ದಿನವೂ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಎಲ್ಲ ರೊಟ್ಟಿಯೂ ಹುಳಿಯಿಲ್ಲದ್ದೇ. ಅವಸರದ ಅರ್ಥ ಅಲ್ಲಿ ಹುಟ್ಟುವುದಿಲ್ಲ. ರಾತ್ರಿ ನೆನೆಹಾಕಿದ ದೋಸೆಹಿಟ್ಟಿನ ಉದಾಹರಣೆ ಕೊಟ್ಟರೆ ತಕ್ಷಣ ತಿಳಿಯುತ್ತದೆ. ಕುರಿ ಕಾಯುವವರು ನೆರೆಯಲ್ಲೇ ಇರುವುದರಿಂದ ಕುರುಬನ ಉಪಮೆಗೆ ಮಾತ್ರ ವಿವರಣೆ ಬೇಕಿಲ್ಲ. ಅನುವಾದಿತ ಪ್ರಸಂಗ ಪುಸ್ತಕಗಳು ದ್ರಾಕ್ಷಾತೋಟಕ್ಕೆ ಪುಟಗಟ್ಟಲೆ ಕೊಟ್ಟು ಕೂರಿಗೆಯ ಹತ್ತಿರ ಸುಳಿಯುವುದಿಲ್ಲ.

ಪದಗಳ ಕಷ್ಟ ಬೇರೆ. ಸಂಸ್ಕೃತದಲ್ಲಿ 'ಕರ್ತ' ಎಂದರೆ ಮಾಡುವವನು. ಕ್ರೈಸ್ತ ಕನ್ನಡದಲ್ಲಿ ಒಡೆಯ. 'ಸಭೆ' ಎಂದರೆ ಊರಿನವರಿಗೆ ಕೂಟ, ಇವರಿಗೆ ಚರ್ಚಿನ ಸಮುದಾಯ. ಸಭಿಕರಲ್ಲಿ ಹುಟ್ಟಿ ಬೆಳೆದವರಿಗೆ ಇದು ತಾಯಿನುಡಿಯಷ್ಟೇ ಸಹಜ. ಹೊರಗಿನವರಿಗೆ ಅರ್ಥವಾಗದ ಈ ನುಡಿಯಲ್ಲೇ ಪ್ರಸಂಗ ಸಾಗಿದರೆ ಪಕ್ಕದ ಓಣಿಯಲ್ಲಿ ಅನುಮಾನ ಹುಟ್ಟುವುದೂ ಅಷ್ಟೇ ಸಹಜ.

ಅನುಮಾನದ ಮಾತು ಇಲ್ಲಿ ಅಪ್ರಸ್ತುತವಲ್ಲ. 2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆಯು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ವಾದವಿವಾದದಲ್ಲಿ ಸಭಿಕರ ಮಕ್ಕಳಿಗಾಗಿ ಅಚ್ಚಾದ ಪಾಠಪುಸ್ತಕವನ್ನೂ ಬೀದಿಯಲ್ಲಿ ಹಂಚುವ ಕರಪತ್ರವನ್ನೂ ಒಂದೇ ಕಟ್ಟಿಗೆ ಸೇರಿಸಿ ಮಾತನಾಡಿದವರು ಬಹಳ. ಎರಡರ ಉದ್ದೇಶವೂ ಓದುಗನೂ ಬೇರೆ.

ರೇಡಿಯೊದಿಂದ ಮೊಬೈಲಿಗೆ

ಓದು ಬಾರದ ಸಭಿಕರಿಗೆ ಮೊದಲು ಆಸರೆಯಾದದ್ದು ರೇಡಿಯೊ. ಸೆಷೆಲ್ಸ್ ದ್ವೀಪದಿಂದ ಫೀಬಾ ಸಂಸ್ಥೆ ಕಿರುತರಂಗದಲ್ಲಿ ಬಿತ್ತರಿಸುತ್ತಿದ್ದ ಕಾರ್ಯಕ್ರಮಗಳಲ್ಲಿ ಕನ್ನಡವೂ ಇತ್ತು. ಆ ಪ್ರಸಾರ ಕೇಂದ್ರ 2003ರಲ್ಲಿ ನಿಂತಿತು. ಈಗ ಧ್ವನಿ ಬೈಬಲ್ ಮೊಬೈಲಿನಲ್ಲಿ ಸಿಗುತ್ತದೆ. 50 ಕಥೆಗಳ 'ಓಪನ್ ಬೈಬಲ್ ಸ್ಟೋರೀಸ್' ಹಾಗೂ 'ಇಂಡಿಯನ್ ರಿವೈಸ್ಡ್ ವರ್ಷನ್' ಎಂಬ ಬೈಬಲ್ ಪಾಠ ಮುಕ್ತ ಪರವಾನಗಿಯಲ್ಲಿ ಕನ್ನಡದಲ್ಲಿ ಲಭ್ಯವಿವೆ. ಮುಕ್ತ ಪರವಾನಗಿಯೆಂದರೆ ಮೂಲದ ಹೆಸರು ಹೇಳಿ, ಅದೇ ನಿಬಂಧನೆಯಲ್ಲಿ, ಯಾರಾದರೂ ತಿದ್ದಿ ಮರುಮುದ್ರಿಸಬಹುದು. ರಾಮದುರ್ಗದ ಬೋಧಕನೊಬ್ಬ ಅದೇ ಕಥೆಗಳನ್ನು ತನ್ನ ಊರಿನ ಮಾತಿಗೆ ಒಗ್ಗಿಸಿ ಹಂಚಿದರೆ ಯಾರ ಹಕ್ಕಿಗೂ ಭಂಗವಿಲ್ಲ. ಮುಚ್ಚಿದ ಹಕ್ಕಿನ ಪಾಠಗಳಲ್ಲಿ ಈ ಸ್ವಾತಂತ್ರ್ಯವಿಲ್ಲ; ಪ್ರತಿ ಮಾಡಿ ಹಂಚುವ ಮೊದಲು ಅನುಮತಿ ಬೇಕು.

ಕ್ರಮವಾದ ದೈವಶಾಸ್ತ್ರ ಶಿಕ್ಷಣ ಬಯಸುವವರಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಅದು ಬಾಸೆಲ್ ಮಿಷನ್ ಸೆಮಿನರಿಯ ಉತ್ತರಾಧಿಕಾರಿ. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಇಂಗ್ಲಿಷ್ ಮಾಧ್ಯಮ. ಧಾರವಾಡದಲ್ಲಿ ಸಿಎಸ್ಐ ಉತ್ತರ ಕರ್ನಾಟಕ ಧರ್ಮಪ್ರಾಂತದ ಕೇಂದ್ರವಿದೆ. ಹಳೆಯ ಮುದ್ರಣಗಳನ್ನು ನೋಡಬಯಸುವವರು ಬಲ್ಮಠದ ಸಂಗ್ರಹಾಗಾರವನ್ನು ಸಂಪರ್ಕಿಸಬಹುದು. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಗುಂಡರ್ಟ್ ಅವರ ಹೆಸರಿನಲ್ಲಿ ತೆರೆದಿರುವ ಡಿಜಿಟಲ್ ಸಂಗ್ರಹದಲ್ಲಿ ಮಂಗಳೂರಿನ ಕಲ್ಲಚ್ಚಿನ ಕಾಲದ ಕನ್ನಡ ಪುಸ್ತಕಗಳನ್ನು ಮನೆಯಲ್ಲಿ ಕುಳಿತೇ ಓದಬಹುದು.