ಗೋಲಿಯ ಕಾವಲು

ಅಮೆರಿಕದಲ್ಲಿರುವ ಗೆಳೆಯ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಕೆಗ್‌ನಿಂದ ಬಾಟಲಿಗೆ ತುಂಬಲು ಯಾವ ಸಲಕರಣೆ ಕೊಳ್ಳಲಿ ಎಂದು ಮೊನ್ನೆ ಫೋನಿನಲ್ಲಿ ಕೇಳಿದ. ಆಗ ನಾನು ಕೋಡಂಬಾಕ್ಕಂನ ಪೆಟ್ಟಿಗೆ ಅಂಗಡಿಯ ಮುಂದೆ ಗೋಲಿ ಸೋಡಾ ಹಿಡಿದು ನಿಂತಿದ್ದೆ. ಅವನ ತೊಂದರೆಗೆ ನೂರೈವತ್ತು ವರ್ಷದ ಉತ್ತರ ನನ್ನ ಕೈಯಲ್ಲೇ ಇತ್ತು.

ಒತ್ತಡದಲ್ಲಿ ಕರಗಿದ ಅನಿಲ, ಒತ್ತಡ ಇಳಿದ ಕೂಡಲೇ ನೊರೆಯಾಗಿ ಹೊರಬೀಳುತ್ತದೆ. ತುಂಬುವುದಕ್ಕೂ ಮುಚ್ಚುವುದಕ್ಕೂ ನಡುವಿನ ಕ್ಷಣವೇ ಕಷ್ಟದ್ದು. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಮುಚ್ಚಳವನ್ನು ಬಾಟಲಿಯೊಳಗೇ ಇಟ್ಟುಬಿಟ್ಟ. ತಲೆಕೆಳಗಾಗಿಸಿ ತುಂಬಿದರೆ ಗೋಲಿ ಬಾಯಿಗೆ ಜಾರುತ್ತದೆ. ಅನಿಲವೇ ಅದನ್ನು ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ.

1892ರಲ್ಲಿ ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ ಕ್ರೌನ್ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಅದು ಅಗ್ಗ, ಬಾಟಲಿ ತೊಳೆಯುವುದೂ ಸುಲಭ. ದೊಡ್ಡ ಕಾರ್ಖಾನೆಗಳು ಅದನ್ನೇ ಹಿಡಿದವು. ಆದರೆ ಕೈಯಿಂದ ತಿರುಗಿಸುವ ಯಂತ್ರ, ಒಂದು ಗ್ಯಾಸ್ ಸಿಲಿಂಡರ್, ಮರಳಿ ಬರುವ ಬಾಟಲಿಗಳು ಇದ್ದರೆ ಸಾಕಾಗಿದ್ದ ನಮ್ಮ ಸಣ್ಣ ಸೋಡಾದವನಿಗೆ ಗೋಲಿಯೇ ಒದಗಿತು. ಅವನು ಪ್ರತಿ ಸಲ ಹೊಸ ಮುಚ್ಚಳ ಕೊಳ್ಳಬೇಕಿರಲಿಲ್ಲ.

ಗೆಳೆಯನಿಗೆ ಇಷ್ಟು ಹೇಳಿದೆ: ವಾರದಲ್ಲಿ ಮುಗಿಯುವ ನಾಲ್ಕು ಬಾಟಲಿಗಾದರೆ ತಣ್ಣಗಿನ ಬಿಯರ್, ತಣ್ಣಗಿನ ಬಾಟಲಿ, ತಳ ಮುಟ್ಟುವ ಕೊಳವೆ ಸಾಕು. ತಿಂಗಳುಗಟ್ಟಲೆ ಇಡಬೇಕೆಂದರೆ ಕೌಂಟರ್‌ಪ್ರೆಶರ್ ಫಿಲ್ಲರ್ ಕೊಳ್ಳು. ಅದು ಮೊದಲು ಬಾಟಲಿಯ ಗಾಳಿ ಓಡಿಸಿ ಅನಿಲ ತುಂಬಿ, ಕೆಗ್‌ನ ಒತ್ತಡಕ್ಕೆ ಸಮ ಮಾಡಿ, ಆಮೇಲೆ ಬಿಯರ್ ಬಿಡುತ್ತದೆ. ತೆಳುಗಾಜು ಮಾತ್ರ ಬೇಡ, ಸಿಡಿದೀತು.

ಫೋನಿಟ್ಟು ಸೋಡಾ ಮುಗಿಸಿದೆ. ಅಂಗಡಿಯವನು ಕೈ ಚಾಚಿದ, ಕಾಸಿಗಲ್ಲ, ಬಾಟಲಿಗೆ.